ಕರೆಂಟ್ ಹೋದಾಗ ಮನೆಗೆ ಜನರೇಟರ್: ಬಾಲ್ಕನಿಯಲ್ಲಿ ಇಡಬೇಡಿ, ಗೋಡೆಯ ಸಾಕೆಟ್‌ಗೆ ಚುಚ್ಚಬೇಡಿ, ಥಾಣೆ, ಡೊಂಬಿವಲಿ ಭಾಗದವರಿಗೆ ಇಲ್ಲಿದೆ ಮಾಹಿತಿ

ಥಾಣೆ: ಮಳೆಗಾಲ ಶುರುವಾದರೆ ಡೊಂಬಿವಲಿ, ಕಲ್ಯಾಣ್ ಕಡೆಯ ಮನೆಗಳಲ್ಲಿ ಮೊಬೈಲ್, ಎಮರ್ಜೆನ್ಸಿ ಲೈಟ್ ಚಾರ್ಜ್ ಮಾಡಿಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಒಂದೆರಡು ಗಂಟೆ ಹೋದರೆ ಹೇಗೋ ಸಹಿಸಬಹುದು. ಇಡೀ ದಿನ ಹೋದರೆ? ಫ್ರಿಡ್ಜ್‌ನಲ್ಲಿರುವ ಇನ್ಸುಲಿನ್, ಮನೆಯಿಂದಲೇ ಮಾಡುವ ಕೆಲಸ, ವಯಸ್ಸಾದವರ ಉಸಿರಾಟದ ಯಂತ್ರ, ನೀರಿನ ಪಂಪ್, ಎಲ್ಲವೂ ನಿಂತುಹೋಗುತ್ತವೆ. ಆಗ ನೆನಪಾಗುವುದೇ ಪೆಟ್ರೋಲ್‌ನಲ್ಲಿ ಓಡುವ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪೋರ್ಟಬಲ್ ಜನರೇಟರ್.

ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಯಂತ್ರ ಸಿಗುತ್ತದೆ. ಅದನ್ನು ಎಲ್ಲಿಡಬೇಕು, ಮನೆಯ ವೈರಿಂಗ್‌ಗೆ ಹೇಗೆ ಜೋಡಿಸಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ. ಪ್ರಾಣ ಹೋಗುವುದು ಈ ಎರಡು ವಿಷಯಗಳಲ್ಲೇ. ಒಂದರಲ್ಲಿ ಮನೆಯವರ ಪ್ರಾಣ, ಇನ್ನೊಂದರಲ್ಲಿ ಕಂಬ ಹತ್ತಿದ ಲೈನ್‌ಮನ್ ಪ್ರಾಣ.

ಈ ಭಾಗದಲ್ಲಿ ಇದು ಯಾಕೆ ಮುಖ್ಯ?

2020ರ ಅಕ್ಟೋಬರ್ 12, ಸೋಮವಾರ ಬೆಳಗ್ಗೆ ಮುಂಬೈ, ಥಾಣೆ, ನವಿ ಮುಂಬೈ ಏಕಕಾಲಕ್ಕೆ ಕತ್ತಲಾಗಿದ್ದು ಹಲವರಿಗೆ ನೆನಪಿರಬಹುದು. ಲೋಕಲ್ ರೈಲುಗಳು ಹಳಿ ಮೇಲೆಯೇ ನಿಂತವು. ಕೊರೊನಾ ಕಾಲ ಬೇರೆ, ಆಸ್ಪತ್ರೆಗಳಿಗೆ ಜನರೇಟರ್‌ಗಳೇ ಆಧಾರವಾದವು. ಅಂದು ಕೈಕೊಟ್ಟಿದ್ದು ಕಲ್ವಾ ಮತ್ತು ಪಡಘಾ ನಡುವಿನ 400 ಕೆವಿ ಪ್ರಸರಣ ಜಾಲ. ಈ ಎರಡೂ ಊರುಗಳು ಇರುವುದು ಥಾಣೆ ಜಿಲ್ಲೆಯಲ್ಲೇ. ಬಹಳಷ್ಟು ಕಡೆ ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು, ಕೆಲವು ಬಡಾವಣೆಗಳು ರಾತ್ರಿಯವರೆಗೂ ಕಾಯಬೇಕಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಪ್ರವಾಹ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದಾಗ ಉಲ್ಹಾಸ್ ನದಿ ಪಾತ್ರದ ಕಲ್ಯಾಣ್, ಬದಲಾಪುರ ಕಡೆಯೂ ನೀರು ನುಗ್ಗಿತ್ತು. 2019ರ ಜುಲೈನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ಮಧ್ಯೆ ಸಿಲುಕಿದ್ದು ಇದೇ ನದಿಯ ಪ್ರವಾಹದಲ್ಲಿ, ಬದಲಾಪುರ ಮತ್ತು ವಾಂಗಣಿ ನಡುವೆ. ಹಳೆಯ ಕಟ್ಟಡಗಳಲ್ಲಿ ಮೀಟರ್ ರೂಮ್ ಇರುವುದು ನೆಲ ಅಂತಸ್ತಿನಲ್ಲಿ. ನೀರು ಬಂದರೆ ಅಪಘಾತ ತಪ್ಪಿಸಲು ವಿದ್ಯುತ್ ಕಂಪನಿಯೇ ಪೂರೈಕೆ ಕಡಿತ ಮಾಡುತ್ತದೆ, ನೀರಿಳಿದು ಮೀಟರ್ ಒಣಗುವವರೆಗೂ ಕೊಡುವುದಿಲ್ಲ. ಇಂಥ ದಿನಗಳಲ್ಲೇ ಜನರೇಟರ್ ಹೊರಬರುವುದು, ಅದೂ ಮಳೆಯಲ್ಲಿ, ಕತ್ತಲಲ್ಲಿ, ಗಡಿಬಿಡಿಯಲ್ಲಿ.

ಬಾಲ್ಕನಿ ಎಂದರೆ 'ಹೊರಗೆ' ಅಲ್ಲ

ಪೆಟ್ರೋಲ್ ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಮೆದುಳು, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮ್‌ನಲ್ಲಿ ಗ್ಯಾಸ್ ಗೀಸರ್‌ನಿಂದ ಸಾವು ಎಂಬ ಸುದ್ದಿಗಳನ್ನು ಓದಿರುತ್ತೀರಿ. ಅಲ್ಲಿ ಕೊಲ್ಲುವುದೂ ಇದೇ ಅನಿಲ. ಜನರೇಟರ್ ಎಂಜಿನ್ ಉಗುಳುವ ಪ್ರಮಾಣ ಇನ್ನೂ ಹೆಚ್ಚು.

ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ನೆಲದಲ್ಲಿ ಕೂರುವುದಿಲ್ಲ, ಮೇಲಕ್ಕೆ ಹಾರಿಯೂ ಹೋಗುವುದಿಲ್ಲ, ಗಾಳಿಯ ಜೊತೆ ಬೆರೆತು ಸಿಕ್ಕ ಸಂದಿಯಿಂದ ಒಳಗೆ ಬರುತ್ತದೆ. ಅದಕ್ಕೇ 'ಕಿಟಕಿ ತೆಗೆದಿಟ್ಟಿದ್ದೇವೆ', 'ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವೆ' ಎಂಬ ಸಮಾಧಾನ ಇಲ್ಲಿ ಕೆಲಸ ಮಾಡುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಪತ್ತೆಯಾಗಿದ್ದರು. ಜನರೇಟರ್‌ನಿಂದ ಹೊರಬಂದ ಕಾರ್ಬನ್ ಮಾನಾಕ್ಸೈಡ್ ವಾಹನದ ಒಳಗೆ ತುಂಬಿಕೊಂಡಿದ್ದೇ ಕಾರಣ ಎಂಬುದು ಕ್ಯಾಲಿಕಟ್ ಎನ್‌ಐಟಿ ತಜ್ಞರು ನಡೆಸಿದ ಪರೀಕ್ಷೆಯಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 2020ರ ಆಗಸ್ಟ್‌ನ ಲಾರಾ ಚಂಡಮಾರುತದ ನಂತರ ಲೂಸಿಯಾನಾ ರಾಜ್ಯದಲ್ಲೂ ಹೀಗೇ ಆಯಿತು. ಬಿರುಗಾಳಿಯಿಂದ ಪಾರಾದವರು ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಜನರೇಟರ್ ಹೊಗೆಗೆ ಬಲಿಯಾದರು.

ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವ ಕನಿಷ್ಠ ಅಂತರ 20 ಅಡಿ, ಅಂದರೆ ಸುಮಾರು 6 ಮೀಟರ್. ಮನೆಯ ಬಾಗಿಲು, ಕಿಟಕಿ, ವೆಂಟಿಲೇಟರ್ ಎಲ್ಲದರಿಂದಲೂ ಇಷ್ಟು ದೂರ. ಸೈಲೆನ್ಸರ್ ಕೊಳವೆ ಮನೆಗೆ ಬೆನ್ನು ಹಾಕಿರಬೇಕು.

ಈಗ ಈ 6 ಮೀಟರ್ ಅನ್ನು ಡೊಂಬಿವಲಿಯ ಒಂದು ವನ್ ಬಿಎಚ್‌ಕೆ ಫ್ಲ್ಯಾಟ್‌ನಲ್ಲಿ ಅಳೆದು ನೋಡಿ. ಹಾಲ್ ದಾಟಿ, ಅಡುಗೆಮನೆ ದಾಟಿ, ಪಕ್ಕದವರ ಮನೆಯೊಳಗೆ ಹೋಗಬೇಕಾಗುತ್ತದೆ! ಬಾಕ್ಸ್ ಗ್ರಿಲ್ ಹಾಕಿದ ಬಾಲ್ಕನಿ, ಬಾತ್‌ರೂಮ್ ಪೈಪ್‌ಗಳ ಡಕ್ಟ್, ಮಹಡಿ ಮೆಟ್ಟಿಲ ತಿರುವು, ಕಾಮನ್ ಪ್ಯಾಸೇಜ್, ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ, ಇವ್ಯಾವುವೂ ಹೊರಾಂಗಣವಲ್ಲ. ನಿಮ್ಮ ಬಾಲ್ಕನಿಯ ಹೊಗೆ ಮೇಲಿನ ಮನೆಯ ಮಲಗುವ ಕೋಣೆಯ ಕಿಟಕಿಗೆ ಹೋಗುತ್ತದೆ. ಡಕ್ಟ್ ಅಂತೂ ಚಿಮಣಿಯ ಹಾಗೆ, ಎಲ್ಲ ಮಹಡಿಗಳ ಬಾತ್‌ರೂಮ್‌ಗೂ ಹಂಚುತ್ತದೆ.

ಹಾಗಾಗಿ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ಫ್ಲ್ಯಾಟ್‌ನಲ್ಲಿ ಇರುವವರಿಗೆ ಸ್ವಂತ ಪೆಟ್ರೋಲ್ ಜನರೇಟರ್ ಸರಿಯಾದ ಆಯ್ಕೆ ಅಲ್ಲ. ಇನ್ವರ್ಟರ್ ಬ್ಯಾಟರಿಯೇ ಸರಿ. ಟೆರೇಸ್ ಇದೆಯಲ್ಲ ಎನ್ನಬಹುದು. ಪೆಟ್ರೋಲ್ ಹಿಡಿದುಕೊಂಡು ಕತ್ತಲಲ್ಲಿ ನಾಲ್ಕು ಮಹಡಿ ಹತ್ತುವುದು, ಮಳೆಯಲ್ಲಿ ಕೇಬಲ್ ಇಳಿಬಿಡುವುದು, ಮೆಟ್ಟಿಲ ಬಾಗಿಲಿನಿಂದ ಹೊಗೆ ಕೆಳಗಿಳಿಯುವುದು, ಇಷ್ಟೆಲ್ಲ ಅಪಾಯ ತೆಗೆದುಕೊಂಡು ಎರಡು ಫ್ಯಾನ್ ತಿರುಗಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಯಾರಿಗೆ ಸರಿ? ಸುತ್ತ ತೆರೆದ ಜಾಗವಿರುವ ಬಂಗಲೆ, ಕಲ್ಯಾಣ್ ಸುತ್ತಲಿನ ಹಳ್ಳಿಗಳ ಸ್ವತಂತ್ರ ಮನೆ, ನವಿ ಮುಂಬೈನಲ್ಲಿ ಸಾಕಷ್ಟು ಅಂಗಳ ಇರುವ ರೋ ಹೌಸ್, ಹಿಂದೆ ತೆರೆದ ಅಂಗಳವಿರುವ ಅಂಗಡಿ, ಹೋಟೆಲ್. ಮಳೆಗಾಲದಲ್ಲಿ ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಆದ್ದರಿಂದ ಯಂತ್ರವನ್ನು ಮನೆಯ ಪೂರ್ವ ಅಥವಾ ಈಶಾನ್ಯಕ್ಕೆ ಇಟ್ಟರೆ ಹೊಗೆ ದೂರ ಹೋಗುವ ಸಾಧ್ಯತೆ ಜಾಸ್ತಿ. ಕಟ್ಟಡಗಳ ಮಧ್ಯೆ ಗಾಳಿ ಸುತ್ತುವುದರಿಂದ 6 ಮೀಟರ್ ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ.

ಹೋಟೆಲ್ ಮಾಲೀಕರಿಗೆ ಒಂದು ಮಾತು. ಊರಿನಿಂದ ಬಂದ ಹುಡುಗರು ರಾತ್ರಿ ಶಟರ್ ಎಳೆದುಕೊಂಡು ಒಳಗೆ, ಇಲ್ಲವೇ ಮಾಳಿಗೆಯಲ್ಲಿ ಮಲಗುವುದು ಈ ಭಾಗದಲ್ಲಿ ಹೊಸದಲ್ಲ. ಹಿಂಬದಿಯ ಓಣಿಯಲ್ಲಿ ಜನರೇಟರ್ ಓಡುತ್ತಿರುವಾಗ ಯಾರೂ ಒಳಗೆ ಮಲಗಬಾರದು. ಫ್ರೀಜರ್ ಉಳಿಸಲು ರಾತ್ರಿಯಿಡೀ ಓಡಿಸಲೇಬೇಕೆಂದಿದ್ದರೆ ಹುಡುಗರಿಗೆ ಬೇರೆ ಕಡೆ ಜಾಗ ಮಾಡಿಕೊಡಿ.

ತಲೆನೋವು ಬಂತೇ? ಆಕ್ಸಿಮೀಟರ್ ನಂಬಬೇಡಿ

ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು. ಜ್ವರ ಬರುವ ಮುನ್ನ ಹೀಗಾಗುತ್ತದೆ ಅಂದುಕೊಂಡು ಮಲಗಿಬಿಡುವವರೇ ಹೆಚ್ಚು. ಆದರೆ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾದರೆ, ಹೊರಗೆ ಬಂದಾಗ ಸ್ವಲ್ಪ ಹಗುರ ಎನಿಸಿದರೆ ಅನುಮಾನವೇ ಬೇಡ.

ಕೊರೊನಾ ಸಮಯದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಹಲವರ ಮನೆಯಲ್ಲಿದೆ. ಈ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅನ್ನೂ ಅದು ಆಮ್ಲಜನಕ ಇರುವುದೆಂದೇ ಓದುತ್ತದೆ. ಜೀವ ಹೋಗುವ ಸ್ಥಿತಿಯಲ್ಲೂ 98, 99 ತೋರಿಸಬಹುದು.

ಎಲ್ಲರನ್ನೂ ಮೊದಲು ಹೊರಗೆ ಕರೆತನ್ನಿ, ನಂತರ 108 ಅಥವಾ 112ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ 'ಜನರೇಟರ್ ಓಡುತ್ತಿತ್ತು' ಎಂದು ಮೊದಲೇ ಹೇಳಿ, ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ. ಬ್ಯಾಟರಿಯಿಂದ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಜನರೇಟರ್ ಕೊಳ್ಳುವವರು ಅದನ್ನೂ ಕೊಂಡು ಮಲಗುವ ಕೋಣೆಯಲ್ಲಿ ಹಾಕಿಕೊಳ್ಳಿ. ಹೊಗೆ ಪತ್ತೆ ಮಾಡುವ ಸ್ಮೋಕ್ ಅಲಾರಂ ಬೇರೆ, ಇದು ಬೇರೆ.

ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಏನಾಗುತ್ತದೆ?

ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಸಿ, ಒಂದನ್ನು ಜನರೇಟರ್‌ಗೂ ಇನ್ನೊಂದನ್ನು ಮನೆಯ 15 ಆಂಪಿಯರ್ ಸಾಕೆಟ್‌ಗೂ ಸಿಕ್ಕಿಸಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ. ಖರ್ಚಿಲ್ಲದ ಉಪಾಯ ಎಂದು ಇದನ್ನು ಹೇಳಿಕೊಡುವವರೂ ಇದ್ದಾರೆ.

ತೊಂದರೆ ಎಂದರೆ ಕರೆಂಟ್ ಮನೆಯಲ್ಲೇ ನಿಲ್ಲುವುದಿಲ್ಲ. ಮೀಟರ್ ದಾಟಿ, ಸರ್ವಿಸ್ ವೈರ್‌ನಲ್ಲಿ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ತಲುಪುತ್ತದೆ. 11 ಸಾವಿರ ಅಥವಾ 22 ಸಾವಿರ ವೋಲ್ಟ್ ಅನ್ನು ಮನೆಗೆ ಬೇಕಾದಷ್ಟು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್, ಉಲ್ಟಾ ದಿಕ್ಕಿನಲ್ಲಿ ನಿಮ್ಮ 230 ವೋಲ್ಟ್ ಅನ್ನು ಮತ್ತೆ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಲೈನ್ ಆಫ್ ಆಗಿದೆ ಎಂದುಕೊಂಡು ಕೆಲಸ ಮಾಡುತ್ತಿರುವ ಮಹಾವಿತರಣ್ ಸಿಬ್ಬಂದಿಗೆ ಅದು ಹೊಡೆಯುತ್ತದೆ.

ಇಷ್ಟು ಸಣ್ಣ ಜನರೇಟರ್ ಇಡೀ ಏರಿಯಾದ ಲೋಡ್ ಹೊರಲಾಗದೆ ತಾನೇ ನಿಂತುಬಿಡುತ್ತದೆ ಎಂದು ವಾದಿಸುವವರಿದ್ದಾರೆ. ಬಹಳ ಸಲ ನಿಲ್ಲುತ್ತದೆ, ನಿಜ. ಆದರೆ ನಿಮ್ಮ ಕಟ್ಟಡದ ಫ್ಯೂಸ್ ಮಾತ್ರ ತೆಗೆದು ರಿಪೇರಿ ನಡೆಯುತ್ತಿದ್ದರೆ ಲೋಡ್ ಏನೂ ಇರುವುದಿಲ್ಲ. ಅಲ್ಲಿ ಒಬ್ಬನನ್ನು ಕೊಲ್ಲಲು 230 ವೋಲ್ಟ್ ಧಾರಾಳ ಸಾಕು.

'ಮೇನ್ ಎಂಸಿಬಿ ಆಫ್ ಮಾಡಿಯೇ ಹಾಕುತ್ತೇವೆ' ಎಂಬುದೂ ಉತ್ತರವಲ್ಲ. ಅದು ನೆನಪಿನ ಮೇಲೆ ನಿಂತ ವ್ಯವಸ್ಥೆ. ಮಗು ಅಳುತ್ತಿರುವಾಗ, ಕತ್ತಲಲ್ಲಿ, ಯಾರೋ ಒಬ್ಬರು ಮರೆಯುತ್ತಾರೆ. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಅನ್ನು ಕಡಿಯುವುದೂ ಇಲ್ಲ. ಆ ವೈರ್‌ನ ಒಂದು ತುದಿ ಸಾಕೆಟ್‌ನಿಂದ ಕಳಚಿ ಬಿದ್ದರೆ ಬರಿಯ ಪಿನ್‌ನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಇನ್ನು ಜನರೇಟರ್ ಓಡುತ್ತಿರುವಾಗಲೇ ಲೈನ್ ಕರೆಂಟ್ ಬಂದುಬಿಟ್ಟರೆ ಯಂತ್ರ ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಸರಿಯಾದ ದಾರಿ ಎರಡೇ. ಮನೆಯ ವೈರಿಂಗ್‌ಗೆ ಜೋಡಿಸಬೇಕೆಂದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಬೇಕು. ಒಂದು ಕಡೆ ಲೈನ್, ಮಧ್ಯೆ ಆಫ್, ಇನ್ನೊಂದು ಕಡೆ ಜನರೇಟರ್. ಎರಡೂ ಒಟ್ಟಿಗೆ ಸೇರಲು ಯಾಂತ್ರಿಕವಾಗಿಯೇ ಸಾಧ್ಯವಿಲ್ಲ, ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಸಿಂಗಲ್ ಫೇಸ್ ಮನೆಗೆ ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್, ತ್ರೀ ಫೇಸ್‌ಗೆ ಫೋರ್ ಪೋಲ್ ಕೇಳಿ. ರಾಜ್ಯದ ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ನಿಂದಲೇ ಮಾಡಿಸಿ. ಫ್ರಿಡ್ಜ್, ಫ್ಯಾನ್, ಲೈಟ್‌ಗಳ ಸರ್ಕ್ಯೂಟ್ ಮಾತ್ರ ಅದರ ಹಿಂದೆ ಬರುವಂತೆ ಬೇರ್ಪಡಿಸಿದರೆ ಯಾರೋ ಗೀಸರ್ ಹಾಕಿ ಜನರೇಟರ್ ನಿಲ್ಲಿಸುವ ತಲೆನೋವೂ ಇಲ್ಲ.

ಇಷ್ಟು ಖರ್ಚು ಬೇಡ ಎನ್ನುವವರು ಮನೆಯ ವೈರಿಂಗ್ ಮುಟ್ಟಲೇಬಾರದು. ಜನರೇಟರ್‌ನ ಸಾಕೆಟ್‌ನಿಂದ ಕೇಬಲ್ ಎಳೆದು ಫ್ರಿಡ್ಜ್, ಟೇಬಲ್ ಫ್ಯಾನ್‌ಗೆ ನೇರವಾಗಿ ಕೊಡಿ. ಕೇಬಲ್ ಮೂರು ಎಳೆಯದ್ದು, 2.5 ಚದರ ಮಿ.ಮೀ. ತಾಮ್ರದ್ದು, ಮೇಲೆ ದಪ್ಪ ರಬ್ಬರ್ ಹೊದಿಕೆ ಇರುವುದು ಬೇಕು. ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟ ಕೇಬಲ್ ಬಿಸಿಯಾಗಿ ಕರಗುತ್ತದೆ. ಬಾಗಿಲ ಸಂದಿಯಲ್ಲಿ ಜಜ್ಜದಂತೆ, ನೀರು ನಿಲ್ಲುವ ಕಡೆ ಜಾಯಿಂಟ್ ಬರದಂತೆ ನೋಡಿಕೊಳ್ಳಿ.

ಅರ್ಥಿಂಗ್ ವಿಷಯದಲ್ಲಿ ಸ್ವಂತ ಬುದ್ಧಿ ಓಡಿಸದಿರುವುದೇ ಮೇಲು. ಹಲವು ಪೋರ್ಟಬಲ್ ಯಂತ್ರಗಳಲ್ಲಿ ನ್ಯೂಟ್ರಲ್ ಅನ್ನು ಬಾಡಿಗೆ ಜೋಡಿಸಿರುವುದಿಲ್ಲ. ಅಂಥ ಕಡೆ ಮನೆಯ ಆರ್‌ಸಿಸಿಬಿ ನೀವು ಅಂದುಕೊಂಡಂತೆ ಟ್ರಿಪ್ ಆಗದೇ ಇರಬಹುದು. ನ್ಯೂಟ್ರಲ್ ಎಲ್ಲಿ ಅರ್ಥ್ ಆಗಬೇಕು ಎಂಬುದನ್ನು ಯಂತ್ರದ ಮ್ಯಾನ್ಯುವಲ್ ತೋರಿಸಿ ಕಾಂಟ್ರಾಕ್ಟರ್ ಬಳಿ ಮಾಡಿಸಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿಯನ್ನು ಟೆಸ್ಟ್ ಬಟನ್‌ನಿಂದಷ್ಟೇ ಅಲ್ಲದೆ ಮೀಟರ್ ಇಟ್ಟು ಪರೀಕ್ಷಿಸಲು ಹೇಳಿ.

ಎಷ್ಟು ಕೆವಿಎ ಬೇಕು?

ಒಂದು ಫ್ರಿಡ್ಜ್ 200 ವ್ಯಾಟ್, ಮೂರು ಸೀಲಿಂಗ್ ಫ್ಯಾನ್ 225, ಆರು ಎಲ್‌ಇಡಿ ಬಲ್ಬ್ 54, ಟಿವಿ 100, ವೈಫೈ ರೂಟರ್ 10. ಒಟ್ಟು 600 ವ್ಯಾಟ್ ಒಳಗೆ. ಆದರೆ ಫ್ರಿಡ್ಜ್ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಎಳೆಯುತ್ತದೆ. ಆ ಕ್ಷಣಕ್ಕೆ ಬೇಕಾಗುವುದು ಸುಮಾರು 1,400 ವ್ಯಾಟ್. 2 ಕೆವಿಎ ಯಂತ್ರ 0.8 ಪವರ್ ಫ್ಯಾಕ್ಟರ್‌ನಲ್ಲಿ 1,600 ವ್ಯಾಟ್ ಕೊಡುತ್ತದೆ, ಹಾಗಾಗಿ ಸಾಕಾಗುತ್ತದೆ. ಪ್ಲೇಟ್ ಮೇಲೆ ದೊಡ್ಡದಾಗಿ ಬರೆದ 'ಮ್ಯಾಕ್ಸಿಮಮ್' ನೋಡಬೇಡಿ, 'ರೇಟೆಡ್' ಎಷ್ಟಿದೆ ನೋಡಿ.

1.5 ಟನ್ ಎಸಿ, 2,000 ವ್ಯಾಟ್ ಗೀಸರ್, ಇಂಡಕ್ಷನ್ ಒಲೆ ಇದರಲ್ಲಿ ಆಗುವುದಿಲ್ಲ. 1 ಎಚ್‌ಪಿ ನೀರಿನ ಪಂಪ್ ಕೂಡ ಶುರುವಾಗುವಾಗ ಎಳೆಯುವ ಕರೆಂಟ್‌ಗೆ 2 ಕೆವಿಎ ತಡೆಯದು. 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ 300ರಿಂದ 400 ವ್ಯಾಟ್ ಸಾಕು. ಆದರೆ ಅದಕ್ಕೆ, ಹಾಗೆಯೇ ಲ್ಯಾಪ್‌ಟಾಪ್‌ಗೆ, ವೋಲ್ಟೇಜ್ ಏರಿಳಿತವಿಲ್ಲದ 'ಇನ್ವರ್ಟರ್ ಮಾದರಿ'ಯ ಜನರೇಟರ್ ಒಳ್ಳೆಯದು. ಮನೆಯಲ್ಲಿ ಆಕ್ಸಿಜನ್ ಮೇಲಿರುವ ರೋಗಿ ಇದ್ದರೆ ಯಾವ ಜನರೇಟರ್ ಇದ್ದರೂ ಒಂದು ಸಿಲಿಂಡರ್ ತುಂಬಿಸಿ ಇಟ್ಟಿರಲೇಬೇಕು.

ಪೆಟ್ರೋಲ್ ಬಾಟಲಿಯಲ್ಲಿ ತರುವಂತಿಲ್ಲ

ಪೂರ್ತಿ ಲೋಡ್‌ನಲ್ಲಿ ಇಂಥ ಯಂತ್ರ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಒಂದು ರಾತ್ರಿಗೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಡ. ಆದರೆ ಡಬ್ಬಿ ಲೋಹದ್ದಾಗಿರಬೇಕು, 25 ಲೀಟರ್ ಮೀರಬಾರದು, ಮುಚ್ಚಳ ಬಿಗಿಯಾಗಿರಬೇಕು. ಗಾಜಿನದಾದರೆ 1 ಲೀಟರ್ ಮಾತ್ರ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಕಾನೂನು 30 ಲೀಟರ್ ಎಂದರೂ ವಾಸದ ಮನೆಯಲ್ಲಿ ಐದಾರು ಲೀಟರ್‌ಗಿಂತ ಹೆಚ್ಚು ಇಡುವುದು ಬೇಡ. ಅಡುಗೆಮನೆ, ದೇವರ ದೀಪ, ಗೀಸರ್ ಇರುವ ಕಡೆಯಂತೂ ಬೇಡವೇ ಬೇಡ. ಓಡುತ್ತಿರುವ ಅಥವಾ ಬಿಸಿಯಾಗಿರುವ ಯಂತ್ರಕ್ಕೆ ಪೆಟ್ರೋಲ್ ಸುರಿಯಬಾರದು. ಆಫ್ ಮಾಡಿ, 15 ನಿಮಿಷ ತಣ್ಣಗಾಗಲು ಬಿಟ್ಟು, ಟಾರ್ಚ್ ಬೆಳಕಿನಲ್ಲಿ ತುಂಬಿಸಿ. ಮೇಣದಬತ್ತಿ ಹಿಡಿದು ಇಣುಕುವವರೂ ಇದ್ದಾರೆ, ಅದಕ್ಕೇ ಹೇಳಬೇಕಾಯಿತು.

ಓಡಿಸುವ ಕ್ರಮ

ಯಂತ್ರವನ್ನು ನೀರು ನಿಲ್ಲದ, ಒಂದಡಿ ಎತ್ತರದ ಸಮತಟ್ಟಾದ ಕಟ್ಟೆಯ ಮೇಲೆ ಇಡಿ. ಮಳೆಗೆ ನಾಲ್ಕೂ ಬದಿ ತೆರೆದ ತಗಡಿನ ಚಪ್ಪರ ಸಾಕು, ತಾಡಪತ್ರಿ ಸುತ್ತಬಾರದು. ಎಂಜಿನ್ ಆಯಿಲ್ ನೋಡಿ, ಲೋಡ್ ಇಲ್ಲದೆ ಸ್ಟಾರ್ಟ್ ಮಾಡಿ, ಮೂರು ನಿಮಿಷ ಬಿಡಿ. ಮೊದಲು ಫ್ರಿಡ್ಜ್, ಅದು ಸ್ಥಿರವಾದ ಮೇಲೆ ಉಳಿದವು. ನಿಲ್ಲಿಸುವಾಗ ಉಲ್ಟಾ: ಲೋಡ್ ಎಲ್ಲ ತೆಗೆದು, ಸ್ವಲ್ಪ ಹೊತ್ತು ಖಾಲಿ ಓಡಿಸಿ, ನಂತರ ಆಫ್. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಮುಟ್ಟಬೇಡಿ.

ರಾತ್ರಿಯಿಡೀ ಓಡಿಸುವ ಅಗತ್ಯವೂ ಇಲ್ಲ. ಮುಚ್ಚಿಟ್ಟ ಫ್ರಿಡ್ಜ್ ಸುಮಾರು ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಸಂಜೆ ಎರಡು ಗಂಟೆ, ಬೆಳಗ್ಗೆ ಎರಡು ಗಂಟೆ ಓಡಿಸಿ, ನಡುವೆ ಇನ್ವರ್ಟರ್ ಮೇಲೆ ಫ್ಯಾನ್ ಹಾಕಿಕೊಂಡರೆ ಪೆಟ್ರೋಲ್ ಉಳಿಯುತ್ತದೆ, ಎಲ್ಲರೂ ಮಲಗಿರುವಾಗ ಎಂಜಿನ್ ಓಡುವುದೂ ತಪ್ಪುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎಂಬುದೂ ಗೊತ್ತಿರಲಿ. ಪಕ್ಕದವರು ದೂರು ಕೊಟ್ಟರೆ ತಪ್ಪು ಅವರದ್ದಲ್ಲ.

ಸೊಸೈಟಿಗಳಲ್ಲಿ ಏನು ಮಾಡಬಹುದು?

ಘೋಡ್‌ಬಂದರ್ ರಸ್ತೆಯ ಹೊಸ ಟವರ್‌ಗಳಲ್ಲಿ ಲಿಫ್ಟ್, ಪಂಪ್‌ಗೆಂದೇ ಡೀಸೆಲ್ ಜನರೇಟರ್ ಇರುತ್ತದೆ. ನಾಲ್ಕೈದು ಮಹಡಿಯ ಹಳೆಯ ಕಟ್ಟಡಗಳು ಒಟ್ಟಾಗಿ ಒಂದನ್ನು ಹಾಕಿಸಿಕೊಳ್ಳಬಹುದು. ಆಗ ಅದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಕಚೇರಿಯಲ್ಲಿ ವಿಚಾರಿಸಿ, ಶಬ್ದ ತಡೆಯುವ ಕವಚ ಇರುವ ಸೆಟ್ ಹಾಕಿಸಬೇಕು. ಹೊಗೆ ಕೊಳವೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕವಿದೆ: ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಬೇಕು. 25 ಕೆವಿಎ ಆದರೆ ಕಟ್ಟಡಕ್ಕಿಂತ 1 ಮೀಟರ್ ಮೇಲೆ. ನೆಲಮಹಡಿಯ ಮನೆಯ ಕಿಟಕಿ ಕೆಳಗೆ ಕೊಳವೆ ಬಿಟ್ಟಿರುವ ಸೊಸೈಟಿಗಳು ಮುಂದಿನ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಲಿ.

ಮಳೆ ಮುಗಿದ ಮೇಲೆ

ಯಂತ್ರವನ್ನು ಹಾಗೇ ಮೂಲೆಗೆ ತಳ್ಳಿದರೆ ಮುಂದಿನ ಜೂನ್‌ನಲ್ಲಿ ಸ್ಟಾರ್ಟ್ ಆಗುವುದಿಲ್ಲ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಅದು ತೇವ ಹೀರುತ್ತದೆ, ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಳಸುವುದಿಲ್ಲ ಎಂದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿ ಇಡಿ. ಇಲ್ಲವೇ ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ 15 ನಿಮಿಷ ಓಡಿಸಿ, ಅದೂ ಹೊರಗೆ, ಅದೇ 6 ಮೀಟರ್ ದೂರದಲ್ಲಿ. ಹೊಸ ಯಂತ್ರಕ್ಕೆ ಮೊದಲ ಆಯಿಲ್ ಬದಲಾವಣೆ ಸಾಮಾನ್ಯವಾಗಿ 20 ಗಂಟೆ ಓಡಿದ ಬಳಿಕ.

ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಿದ್ದರೆ ಎಷ್ಟೋ ಸಲ ಜನರೇಟರ್ ಹೊರತೆಗೆಯುವುದೇ ಬೇಡ. ಮಹಾವಿತರಣ್ ಗ್ರಾಹಕರು 1912, 1800-212-3435 ಅಥವಾ 1800-233-3435ಕ್ಕೆ ಕರೆ ಮಾಡಬಹುದು. ಮೊಬೈಲ್ ನಂಬರ್ ನೋಂದಾಯಿಸಿದ್ದರೆ ಮೊದಲೇ ನಿಗದಿಯಾದ ದುರಸ್ತಿ ಕಡಿತದ ಮಾಹಿತಿ ಎಸ್‌ಎಂಎಸ್‌ನಲ್ಲೇ ಬರುತ್ತದೆ. ಮುಂಬ್ರಾ, ಕಲ್ವಾ, ಶೀಳ್ ಮತ್ತು ಭಿವಂಡಿಯಲ್ಲಿ ವಿತರಣೆ ಟೊರೆಂಟ್ ಪವರ್ ಕೈಯಲ್ಲಿದೆ, ಅಲ್ಲಿನವರು ತಮ್ಮ ಬಿಲ್ ಮೇಲಿರುವ ಸಹಾಯವಾಣಿಗೇ ಕೇಳಬೇಕು.